ಎರಡು ಸಂಸಾರದ ಮನೆ

ತಮ್ಮನಿಗೆ ಎಡಗಾಲು ಮಂಡಿಯಿಂದ ಕೆಳಗೆ ಇರಲಿಲ್ಲ. ಅವನಿದ್ದದ್ದು ಮೇಲಿನ ಮನೆಯಲ್ಲಿ. ಮನೆ ಮಾರುವ ಮಾತು ಹುಟ್ಟಿದ್ದು ಅದರಿಂದಲೇ.

ಕೆಳಗಿನ ಮನೆ ಅಣ್ಣನದು. ಬೀದಿಯಿಂದ ನೋಡಿದವರಿಗೆ ಎರಡೂ ಸೇರಿ ಒಂದೇ ಮನೆ. ಅಕ್ಕಪಕ್ಕದ ಮನೆಗಳಿಗೆ ಭುಜ ಒತ್ತಿಕೊಂಡು ನಿಂತ, ಅಗಲ ಕಡಿಮೆ ಉದ್ದ ಜಾಸ್ತಿಯ ಹಳೇ ಕಟ್ಟಡ. ಬೀದಿಗೆ ಒಂದೇ ಬಾಗಿಲು. ಒಳಗೆ ಒಂದು ಪ್ಯಾಸೇಜು. ಎದುರಿಂದ ಯಾರಾದರೂ ಬಂದರೆ ಗೋಡೆಗೆ ಅಂಟಿಕೊಂಡು ದಾರಿ ಬಿಡಬೇಕು. ಪ್ಯಾಸೇಜಿನ ಬಲಕ್ಕೆ ಅಣ್ಣನ ಬಾಗಿಲು, ಕೊನೆಯಲ್ಲಿ ಮೇಲಕ್ಕೆ ಹೋಗುವ ಮರದ ಮೆಟ್ಟಿಲು. ಅದು ಮೆಟ್ಟಿಲು ಅನ್ನುವುದಕ್ಕಿಂತ ಗೋಡೆಗೆ ಒರಗಿಸಿದ ಏಣಿ ಅನ್ನಬಹುದು. ಮುಂಗೋಡೆಯ ಮೇಲೆ ಹಳೇ ಕಟ್ಟಡಗಳ ಇಲಾಖೆಯವರು ಒಂದು ಹಿತ್ತಾಳೆ ತಗಡು ಹೊಡೆದು ಹೋಗಿದ್ದರು. ಅನುಮತಿ ಇಲ್ಲದೆ ಏನನ್ನೂ ಒಡೆಯಕೂಡದು, ಕಟ್ಟಕೂಡದು ಎಂದು ಅದರಲ್ಲಿತ್ತು. ಆಮೇಲೆ ಆ ಇಲಾಖೆಯವರು ಯಾರೂ ಈ ಕಡೆ ತಲೆ ಹಾಕಿರಲಿಲ್ಲ.

ತಮ್ಮ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ. ಗಾಡಿಯ ಕೆಳಗೆ ಮಲಗಿ ಕೆಲಸ ಮಾಡುತ್ತಿದ್ದಾಗ ಅದು ಹಿಂದಕ್ಕೆ ಉರುಳಿತು. ಆಸ್ಪತ್ರೆಯಿಂದ ಬಂದ ದಿನ ಡಿಪೋದ ಇಬ್ಬರು ಗೆಳೆಯರು ಅವನನ್ನು ಕುರ್ಚಿಯಲ್ಲಿ ಕೂರಿಸಿ ಮೇಲಕ್ಕೆ ಹೊತ್ತರು. ಅಂದಿನಿಂದ ಅವನು ಕೆಳಗಿಳಿಯುತ್ತಿದ್ದದ್ದು ಡಾಕ್ಟರ ಹತ್ತಿರ ಹೋಗಬೇಕಾದಾಗ ಮಾತ್ರ. ಇಳಿಯುವ ರೀತಿಯೂ ಒಂದೇ. ಹೆಂಡತಿ ಊರುಗೋಲು ಹಿಡಿದು ನಾಲ್ಕು ಮೆಟ್ಟಿಲು ಮುಂದೆ ಇಳಿಯುವಳು. ಅವನು ಮೇಲಿನ ಮೆಟ್ಟಿಲ ಮೇಲೆ ಕುಂಡೆ ಊರಿ, ಕೈಯೂರಿ, ಒಂದೊಂದಾಗಿ ಜಾರುತ್ತ ಬರುವನು.

"ಚಿಕ್ಕಮಕ್ಕಳು ಹೀಗೇ ಇಳಿಯೋದು," ಅನ್ನುತ್ತಿದ್ದ. "ಬಸ್ಸಿನಲ್ಲಿ ಇನ್ಮೇಲೆ ಅರ್ಧ ಟಿಕೆಟ್ ತಗೋತೀನಿ."

ಹೆಂಡತಿ ಮನೆಯಲ್ಲೇ ಹೊಲಿಗೆ ಕೆಲಸ ಮಾಡುತ್ತಿದ್ದಳು. ಬೀದಿಗೆಲ್ಲ ಅವಳು ಟೈಲರಮ್ಮ. ಕಾಲು ಹೋದ ಹೊಸದರಲ್ಲಿ ಅವಳೇ ಕೆಳಗೆ ಹೋಗಿ, ಮನೆ ಅದಲುಬದಲು ಮಾಡಿಕೊಳ್ಳೋಣ, ನೀವು ಮೇಲೆ ಬನ್ನಿ ಎಂದು ಕೇಳಿದ್ದಳು. ಅಣ್ಣ ಮುಂದಿನ ರೂಮಿನಲ್ಲಿ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ ಇಟ್ಟುಕೊಂಡಿದ್ದ. ಅವನು ನೆಲ ನೋಡಿದ. ಉತ್ತರ ಕೊಟ್ಟವಳು ಅವನ ಹೆಂಡತಿ, ಅತ್ತಿಗೆ.

"ಗಾಜು ಹೊತ್ಕೊಂಡು ಆ ಮೆಟ್ಟಿಲು ಯಾರು ಹತ್ತೋರು? ನಿನ್ನ ಗಂಡನಿಗೆ ಕಾಲಿಲ್ಲ, ಒಪ್ಪಿದೆ. ನಮಗೆ ಹೊಟ್ಟೆ ಇದೆಯಲ್ಲ."

ಟೈಲರಮ್ಮ ತಿರುಗಿ ಮೇಲೆ ಹೋದಳು. ಆ ದಿನದಿಂದ ಎರಡು ಮನೆಗೂ ಮಾತಿಲ್ಲ. ಮಾತಿಗೆ ಬದಲು ಕುಟ್ಟುವುದು ಬಂತು. ಮೇಲೆ ಮಿಷನ್ನಿನ ಸದ್ದು ಜಾಸ್ತಿಯಾದರೆ ಅತ್ತಿಗೆ ಕಸಬರಿಕೆಯ ಹಿಡಿಯಿಂದ ಚಾವಣಿಗೆ ಕುಟ್ಟುವಳು. ತಮ್ಮ ಮೇಲಿನಿಂದ ಊರುಗೋಲಿನಲ್ಲಿ ನೆಲಕ್ಕೆ ಎರಡು ಬಿಡುವನು. ಸಾಕು ನಿಲ್ಲಿಸು ಎಂದು ಅವಳು, ನಿನ್ನ ಕೆಲಸ ನೋಡ್ಕೋ ಎಂದು ಅವನು. ಅಲ್ಲಿಗೆ ಎರಡೂ ಕಡೆ ಮುಗಿಯುವುದು. ವರ್ಷಗಟ್ಟಲೆ ಹೀಗೇ ನಡೆಯಿತು.

ಕೊನೆಗೆ ಎರಡೂ ಮನೆಯವರಿಗೆ ಮನೆ ಮಾರುವುದೇ ಸರಿ ಅನಿಸಿತು. ಮಾರಿದರೆ ಇಡಿಯಾಗಿ ಮಾರಬೇಕು, ಅರ್ಧ ಮನೆ ಯಾರಿಗೂ ಬೇಡ. ಟೈಲರಮ್ಮನಿಗೆ ಬೇಕಾದದ್ದು ಇಷ್ಟೇ: ಊರಾಚೆಯಾದರೂ ಸರಿ, ಎರಡು ರೂಮಾದರೂ ಸರಿ, ಬಾಗಿಲು ತೆಗೆದರೆ ನೆಲ ಇರುವ ಮನೆ. ಗಂಡ ದಿನವಿಡೀ ಕಿಟಕಿಯಲ್ಲಿ ಕೂತು ಕೆಳಗೆ ಹೋಗುವ ಬಸ್ಸುಗಳ ಎಂಜಿನ್ ಸದ್ದು ಕೇಳಿ ಯಾವುದಕ್ಕೆ ಏನು ಕಾಯಿಲೆ ಎಂದು ಹೇಳುವುದನ್ನು ಅವಳಿಗೆ ನೋಡಲಾಗುತ್ತಿರಲಿಲ್ಲ.

ದಲ್ಲಾಳಿಯ ಹೆಸರು ಯಾರಿಗೂ ನೆನಪಿಲ್ಲ. ಎಲ್ಲದಕ್ಕೂ ಆಯ್ತು ಬಿಡಿ ಅನ್ನುತ್ತಿದ್ದದ್ದರಿಂದ ಅವನನ್ನು ಆಯ್ತುಬಿಡಿ ಎಂದೇ ಕರೆಯುತ್ತಿದ್ದರು. 'ಇತಿಹಾಸವಿರುವ ಎರಡು ಸಂಸಾರದ ಮನೆ ಮಾರಾಟಕ್ಕಿದೆ' ಎಂದು ಜಾಹೀರಾತು ಕೊಟ್ಟವನು ಅವನೇ. ಮೊದಲ ವಾರ ಫೋನು ಮಾಡಿದವರಲ್ಲಿ ಅರ್ಧ ಜನ ತಮಾಷೆಗೆ ಮಾಡಿದವರು.

"ಎರಡು ಸಂಸಾರ ಇಟ್ಕೊಂಡವರಿಗೇ ಕೊಡ್ತೀರಾ, ಒಂದೇ ಇದ್ದವರಿಗೂ ಕೊಡ್ತೀರಾ?"

"ಇನ್ನೊಂದು ಸಂಸಾರ ಮನೆ ಜೊತೆಗೇ ಬರುತ್ತಾ, ನಾವೇ ಹುಡುಕ್ಕೋಬೇಕಾ?"

ತಮ್ಮ ಇದನ್ನು ಕೇಳಿ ನಗುತ್ತಿದ್ದ. ಕೆಳಗೆ ಅತ್ತಿಗೆ ಆಯ್ತುಬಿಡಿಗೆ ಬಾಯಿಗೆ ಬಂದಹಾಗೆ ಬೈದಳು.

ನಿಜವಾಗಿ ಬೇಕು ಎಂದು ಬಂದವಳು ಒಬ್ಬಳೇ, ಹಲ್ಲಿನ ಡಾಕ್ಟರು. ಕೆಳಗೆ ಕ್ಲಿನಿಕ್ಕು, ಮೇಲೆ ಮನೆ ಎಂದು ಅವಳ ಲೆಕ್ಕ. ಮುಂಗೋಡೆ, ಕಿಟಕಿಯ ಕಮಾನು, ಹಿತ್ತಾಳೆ ತಗಡು ಎಲ್ಲ ಅವಳಿಗೆ ಹಿಡಿಸಿತು. ಒಳಗೆ ಬಂದು ಮುಂದಿನ ರೂಮಿಗೂ ಹಿಂದಿನ ರೂಮಿಗೂ ನಡುವೆ ನಿಂತಳು. ಮಧ್ಯಾಹ್ನವೂ ಅಲ್ಲಿ ಲೈಟು ಹಾಕಬೇಕು.

"ಇದೊಂದು ಗೋಡೆ ಇಲ್ಲದೆ ಹಾಲ್ ಥರ ಇದ್ದಿದ್ರೆ ಈಗಲೇ ತಗೊಂಡುಬಿಡ್ತಿದ್ದೆ," ಅಂದಳು. "ತಗೊಂಡ ಮೇಲೆ ಒಡೆಸೋಣ ಅಂದ್ರೆ ಆ ಇಲಾಖೆಗೆ ಅರ್ಜಿ ಹಾಕಿ ಅಲೆಯೋದು ನನ್ನ ಕೈಲಾಗಲ್ಲ."

ಅವಳು ಹೋದ ಮೇಲೆ ಅಣ್ಣ ಗೋಡೆಯನ್ನು ನೋಡುತ್ತ ಕೂತ. ಆಯ್ತುಬಿಡಿ ಅವನ ಪಕ್ಕ ಕೂತ.

"ಅಲ್ಲ ಸಾರ್, ಅದು ಬರೀ ಅಡ್ಡಗೋಡೆ ಅಲ್ವಾ?"

"ನಮ್ಮ ತಾತನ ಕಾಲದಿಂದ ಅಡ್ಡಗೋಡೆ ಅಂತಲೇ ಕರೆಯೋದು."

"ಮತ್ತೆ? ನೀವೇ ತೆಗೆಸಿಬಿಡಿ. ಆಕೆ ಬಂದು ನೋಡುವಾಗ ಹಾಲ್ ಇರುತ್ತೆ. ಮೊದಲಿಂದ ಇದ್ದದ್ದೇ ಹೀಗೆ ಅಂದ್ರಾಯ್ತು ಬಿಡಿ, ಆಕೆಗೂ ಅದೇ ಬೇಕು."

ಅದನ್ನು ಅಡ್ಡಗೋಡೆ ಎಂದು ಕರೆದದ್ದಕ್ಕೆ ಕಾರಣ ಬೇರೆ ಇತ್ತು. ಅಂಗಡಿಯಿಂದ ಅಡುಗೆಮನೆಗೆ ನೇರ ಹೋಗಲು ಅದು ಅಡ್ಡವಾಗುತ್ತಿತ್ತು, ಸುತ್ತು ಹಾಕಿ ಹೋಗಬೇಕಿತ್ತು. ಅಡ್ಡ ಇದ್ದದ್ದಕ್ಕೆ ಅಡ್ಡಗೋಡೆ. ಅದರ ತಲೆಯ ಮೇಲೆ ಏನಿದೆ ಎಂದು ಹೆಸರಿಟ್ಟವರು ಹೇಳಿರಲಿಲ್ಲ, ಮೊಮ್ಮಗ ಕೇಳಲೂ ಇಲ್ಲ. ಮನೆಯವರೆಲ್ಲ ಹುಟ್ಟಿನಿಂದ ಹೇಳಿಕೊಂಡು ಬಂದ ಮಾತನ್ನು ಯಾರು ಅನುಮಾನಿಸುತ್ತಾರೆ?

ಇಬ್ಬರು ಗಾರೆ ಕೆಲಸದವರು ಬಂದರು. ಮೇಲಿನವರಿಗೆ ಹೇಳುವುದು ಬೇಡ ಎಂದು ತೀರ್ಮಾನವಾಯಿತು. ಹೇಳಿದರೆ ತಮ್ಮ ಹಟಕ್ಕೆ ಬಿದ್ದು ಇಲಾಖೆಗೆ ಫೋನು ಮಾಡಿದರೂ ಮಾಡಿಯಾನು.

ಬೆಳಿಗ್ಗೆ ಮೊದಲ ಸುತ್ತಿಗೆ ಏಟು ಬಿದ್ದಾಗ ಟೈಲರಮ್ಮ ಶಾಲೆಯ ಯೂನಿಫಾರ್ಮಿನ ಜೇಬಿಗೆ ಗುರುತು ಹಾಕುತ್ತಿದ್ದಳು. ಮಿಷನ್ನಿನ ಮೇಲಿದ್ದ ಕತ್ತರಿ ನಡುಗಿತು.

"ನೋಡಿದ್ಯಾ?" ಅಂದ ಗಂಡ. "ಇವತ್ತು ಕಸಬರಿಕೆ ಸಾಲದೆ ಸುತ್ತಿಗೆ ತಂದಿದ್ದಾಳೆ."

"ಏನೋ ರಿಪೇರಿ ಇರಬೇಕು."

"ನೀನಿನ್ನೂ ಮಿಷನ್ ತುಳಿಯೋಕೇ ಶುರು ಮಾಡಿಲ್ಲ, ಆಗಲೇ ಕುಟ್ಟಿದ್ಲು. ರಿಪೇರಿಯಂತೆ." ಅವನು ಊರುಗೋಲು ತೆಗೆದುಕೊಂಡು ನೆಲಕ್ಕೆ ಬಲವಾಗಿ ಎರಡು ಬಿಟ್ಟ.

ಕೆಳಗೆ ಗಾರೆಯವನು ಕೈ ತಡೆದು ಮೇಲೆ ನೋಡಿದ. "ಮೇಲೆ ಯಾರಾದ್ರೂ ಇದ್ದಾರಾ?"

"ನಮ್ಮ ಮೈದುನ," ಅಂದಳು ಅತ್ತಿಗೆ. "ಅವನದು ದಿನಾ ಇದ್ದದ್ದೇ. ನೀವು ಹೊಡೀರಿ."

ಅವರು ಹೊಡೆದರು. ಎರಡನೆಯ ದಿನ ಒಡೆಯುವುದು ಗೋಡೆಯ ಮೇಲ್ಭಾಗಕ್ಕೆ ಬಂತು. ಚಾವಣಿಯ ತೊಲೆಗಳ ತುದಿಗಳು ಗೋಡೆಯೊಳಗೆ ಕೂತಿದ್ದವು. ಗಾರೆಯವನು ತಲೆ ಕೆರೆದುಕೊಂಡು, ಕಬ್ಬಿಣದ ತೊಲೆ ಒಂದು ಅಡ್ಡ ಕೊಡಬೇಕಾಗುತ್ತೆ, ತರಿಸಲು ನಾಲ್ಕು ದಿನ ಬೇಕು ಅಂದ. ಅಲ್ಲಿಯವರೆಗೆ ಇರಲಿ ಎಂದು ಎರಡು ಉದ್ದ ಕಬ್ಬಿಣದ ಜಾಕಿ ನಿಲ್ಲಿಸಿ ತೊಲೆಗಳಿಗೆ ಆನಿಕೆ ಕೊಟ್ಟ. ಅವನಿಗೂ ಬೇರೆ ಕಡೆ ಕೆಲಸ ಇತ್ತು. ಅಣ್ಣ ತಲೆಯಾಡಿಸಿದ. ಗೋಡೆ ಹೋದದ್ದೇ ಹಿತ್ತಲ ಕಿಟಕಿಯ ಬೆಳಕು ನೇರ ಅಂಗಡಿಯವರೆಗೆ ಬಂದು ಬಿತ್ತು. ಅವನು ಹುಟ್ಟಿದಾಗಿನಿಂದ ಆ ರೂಮಿನಲ್ಲಿ ಅಷ್ಟು ಬೆಳಕು ನೋಡಿರಲಿಲ್ಲ. ಕಟ್ಟು ಹಾಕಿದ ಫೋಟೋಗಳೆಲ್ಲ ಹೊಳೆದವು.

ಆ ಸಂಜೆ ಟೈಲರಮ್ಮ ಕಸ ಹಾಕಲು ಇಳಿದಾಗ ಪ್ಯಾಸೇಜಿನ ಉದ್ದಕ್ಕೂ ಮೂಟೆಗಳು. ಅವಳು ಪಕ್ಕಕ್ಕೆ ತಿರುಗಿ ನುಸುಳಬೇಕಾಯಿತು. ಒಂದು ಮೂಟೆಯ ಬಾಯಿಯಿಂದ ಇಟ್ಟಿಗೆ ಇಣುಕಿತ್ತು. ಬಾಗಿಲಲ್ಲಿ ಅತ್ತಿಗೆ ನಿಂತಿದ್ದಳು, ಕೂದಲೆಲ್ಲ ಸುಣ್ಣದ ಪುಡಿ.

ಟೈಲರಮ್ಮನೇ ಕೇಳಿದಳು. "ಏನಕ್ಕಾ ಇದು?"

"ಬಣ್ಣ ಹೊಡೆಸ್ತಿದ್ದೀವಿ."

"ಬಣ್ಣದ ಮೂಟೇಲಿ ಇಟ್ಟಿಗೆ ಇದೆಯಲ್ಲ."

ಅತ್ತಿಗೆ ಒಳಗೆ ಒಮ್ಮೆ ನೋಡಿ ದನಿ ತಗ್ಗಿಸಿದಳು. "ಡಾಕ್ಟರಮ್ಮ ಗುರುವಾರ ಬರ್ತಾಳೆ. ಅವಳಿಗೆ ದೊಡ್ಡ ಹಾಲ್ ಬೇಕಂತೆ. ನಿನಗೆ ಈ ಮನೆ ಮಾರೋದು ಬೇಕೋ ಬೇಡ್ವೋ?"

"ಬೇಕು."

"ಹಾಗಾದ್ರೆ ನೀನು ಏನೂ ನೋಡಿಲ್ಲ."

"ಮೇಲೆ ಏನೂ ಆಗಲ್ಲ ತಾನೆ?"

"ಅಡ್ಡಗೋಡೆ ಕಣೇ. ಏನಾಗುತ್ತೆ?" ಅತ್ತಿಗೆ ಕೂದಲ ಪುಡಿ ಕೊಡವುತ್ತ ಮತ್ತೆ ಹೇಳಿದಳು, "ಅವನಿಗೂ ಒಳ್ಳೇದೇ. ನೆಲದ ಮೇಲೆ ಮನೆ ಮಾಡ್ಕೊಳ್ಳಿ."

ವರ್ಷಗಳ ನಂತರ ವಾರಗಿತ್ತಿಯರು ಆಡಿದ ಮಾತು ಇಷ್ಟು. ಟೈಲರಮ್ಮ ಮೇಲೆ ಹೋಗಿ ಗಂಡನಿಗೆ ಬಣ್ಣ ಹೊಡೆಸುತ್ತಿದ್ದಾರೆ ಎಂದಳು.

ಮರುದಿನ ಮಲಗುವ ರೂಮಿನ ಬಾಗಿಲು ಚೌಕಟ್ಟಿಗೆ ಕೂರಲಿಲ್ಲ. ಮೂಲೆಯಲ್ಲಿ ಬೆರಳು ಅಗಲ ಬಿಟ್ಟುಕೊಂಡಿತು. ಅವಳು ಭುಜ ಕೊಟ್ಟು ತಳ್ಳಿದಳು. ಮಿಷನ್ನಿನ ಮೇಲಿಂದ ದಾರದ ರೀಲು ಕೆಳಗೆ ಬಿತ್ತು, ಬಿದ್ದಲ್ಲಿ ನಿಲ್ಲದೆ ಉರುಳಿ ರೂಮಿನ ನಡುಮಧ್ಯಕ್ಕೆ ಹೋಗಿ ನಿಂತಿತು. ಅವಳು ಅದನ್ನು ಎತ್ತಿ ಮತ್ತೆ ಗೋಡೆಯ ಹತ್ತಿರ ಇಟ್ಟಳು. ಮತ್ತೆ ಅಲ್ಲಿಗೇ ಹೋಯಿತು.

"ಏನೇ, ರೀಲಿನ ಜೊತೆ ಆಡ್ತಿದ್ದೀಯಾ?"

"ಕೈ ಜಾರ್ತು."

"ಈ ನೆಲ ಮೊದಲಿಂದ ಸೊಟ್ಟ. ನಮ್ಮಪ್ಪ ಬೆಳಿಗ್ಗೆ ಹಾಸಿಗೆಯಿಂದ ಎದ್ದರೆ ತಾನೇ ಬಾಗಿಲಿಗೆ ಹೋಗಿಬಿಡ್ತಿದ್ದ."

ಅವಳು ನಕ್ಕಳು. ಸೊಟ್ಟ ಹೌದು, ಆದರೆ ಇಷ್ಟು ದಿನ ಬೀದಿಯ ಕಡೆಗೆ ಸೊಟ್ಟ. ಈಗ ನಡುವಿಗೆ. ಕೆಂಪು ಗಾರೆ ನೆಲದ ಮೇಲೆ ಗೋಡೆಯಿಂದ ಗೋಡೆಗೆ ಒಂದು ಗೆರೆ ಬಂದಿತ್ತು, ಸೀಮೆಸುಣ್ಣದಲ್ಲಿ ಬಟ್ಟೆಗೆ ಗುರುತು ಹಾಕಿದಷ್ಟು ನೇರ. ಅದರ ಮೇಲೆ ಉಗುರು ಆಡಿಸಿದಳು. ಉಗುರು ಒಳಗೆ ಇಳಿಯಿತು.

ಹೇಳಬಹುದಿತ್ತು. ಹೇಳಿದರೆ ಅವನು ಊರುಗೋಲು ಕುಟ್ಟುತ್ತಾನೆ, ಕಿಟಕಿಯಿಂದ ಕೂಗುತ್ತಾನೆ, ಬೀದಿ ಸೇರುತ್ತದೆ, ಇಲಾಖೆ ಬರುತ್ತದೆ, ಡಾಕ್ಟರಮ್ಮ ಬರುವುದಿಲ್ಲ. ಮತ್ತೆ ಇದೇ ಕಿಟಕಿ, ಇದೇ ಬಸ್ಸಿನ ಸದ್ದು. ಗುರುವಾರ ಒಂದು ಕಳೆಯಲಿ ಎಂದುಕೊಂಡಳು. ಗುರುವಾರ ಬೆಳಿಗ್ಗೆ ಚಾಪೆ ತಂದು ಆ ಗೆರೆಯ ಮೇಲೆ ಹಾಸಿದಳು.

ಅದೇ ಹೊತ್ತಿಗೆ ಕೆಳಗೆ ಅಣ್ಣ ಜಾಕಿ ಬಿಚ್ಚುತ್ತಿದ್ದ.

"ಬೇಡ ಅಂದ್ರೆ," ಅಂದಳು ಅತ್ತಿಗೆ.

"ಹಾಲ್ ನಡುವೆ ಎರಡು ಕಬ್ಬಿಣದ ಕೋಲು ನಿಂತಿದ್ರೆ ಆಕೆ ಏನು ಅಂದ್ಕೋತಾಳೆ? ಮೊದಲಿಂದ ಹೀಗೇ ಇತ್ತು ಅಂತ ಯಾವ ಬಾಯಲ್ಲಿ ಹೇಳಲಿ? ಒಂದು ಗಂಟೆ ಅಷ್ಟೆ. ಆಕೆ ಹೋದ ಮೇಲೆ ಮತ್ತೆ ನಿಲ್ಲಿಸ್ತೀನಿ." ಅವನು ಜಾಕಿಗಳನ್ನು ಬಚ್ಚಲಿನಲ್ಲಿ ಒರಗಿಸಿ ಬಾಗಿಲು ಎಳೆದ. ಚಾವಣಿ ಎಲ್ಲಿದ್ದಲ್ಲೇ ಇತ್ತು. "ನೋಡು. ಏನಾಯ್ತು?"

ಏನೂ ಆಗಲಿಲ್ಲ. ಡಾಕ್ಟರಮ್ಮ ಗಂಡನ ಜೊತೆ ಬಂದಳು. ಹಾಲ್ ನೋಡಿ ಎರಡು ಕೈ ಚಾಚಿ ಒಂದು ಸುತ್ತು ತಿರುಗಿದಳು. ಅವತ್ತು ಇಲ್ಲೊಂದು ಗೋಡೆ ಇತ್ತಲ್ಲ ಎಂದು ಕೇಳಲಿಲ್ಲ, ಅವಳಿಗೂ ಕೇಳುವುದು ಬೇಕಿರಲಿಲ್ಲ. ಕುರ್ಚಿ ಇಲ್ಲಿ, ಕಾಯುವವರು ಅಲ್ಲಿ ಅಂದಳು. ಗಂಡ ಕಾರು ನಿಲ್ಲಿಸುವ ಜಾಗದ ಬಗ್ಗೆ ಕೇಳಿದ. ಅಣ್ಣ ಅವನನ್ನು ಬೀದಿಗೆ ಕರೆದುಕೊಂಡು ಹೋಗಿ ತೋರಿಸುತ್ತ ನಿಂತ. ಆಯ್ತುಬಿಡಿ ಡಾಕ್ಟರಮ್ಮನನ್ನು ಮೇಲಕ್ಕೆ ಕರೆದೊಯ್ದ.

ಹಾಲಿನಲ್ಲಿ ಉಳಿದವಳು ಅತ್ತಿಗೆ ಒಬ್ಬಳೇ. ಬೆಳಿಗ್ಗೆ ಒರೆಸಿದ ನೆಲದ ಮೇಲೆ ಬಿಳಿ ಪುಡಿ ಬಿದ್ದಿತ್ತು. ಗುಡಿಸಿದಳು. ಬೆನ್ನು ನೆಟ್ಟಗೆ ಮಾಡುವಷ್ಟರಲ್ಲಿ ಮತ್ತೆ ಬಿತ್ತು, ಈ ಸಲ ಅವಳ ಕೈ ಮೇಲೆ. ಮೇಲೆ ನೋಡಿದಳು. ತೊಲೆಗಳು ಹಗ್ಗ ಸಡಿಲಿದ ಮಂಚದ ಹಾಗೆ ನಡುವಿನಲ್ಲಿ ಕೆಳಕ್ಕೆ ಇಳಿದಿದ್ದವು. ಮೇಲೆ ಯಾರೋ ಒಂದು ಹೆಜ್ಜೆ ಇಟ್ಟರು. ತೊಲೆಗಳು ಇನ್ನಷ್ಟು ಇಳಿದವು.

ಬೀದಿ ಬಾಗಿಲು ದೂರವಿರಲಿಲ್ಲ. ಓಡಬಹುದಿತ್ತು. ಕೂಗಲೂ ಬಹುದಿತ್ತು. ಬಾಯಿ ತೆರೆದಳು. ಮೇಲಿನವರನ್ನು ಕೂಗಿ ಅಭ್ಯಾಸವೇ ತಪ್ಪಿಹೋಗಿತ್ತು. ಏನೆಂದು ಕೂಗಬೇಕೋ ತೋಚಲಿಲ್ಲ. ಕೈಯಲ್ಲಿ ಕಸಬರಿಕೆ ಇತ್ತು. ಅದನ್ನು ತಿರುಗಿಸಿ ಚಾವಣಿಗೆ ಕುಟ್ಟತೊಡಗಿದಳು.

ಮೇಲೆ ತಮ್ಮ ಕಿಟಕಿಯ ಹತ್ತಿರ ಕೂತು ಡಾಕ್ಟರಮ್ಮನಿಗೆ ಬೀದಿ ತೋರಿಸುತ್ತಿದ್ದ. ಸದ್ದು ಕೇಳಿ ಅವನ ಮುಖ ಕೆಂಪಾಯಿತು.

"ಶುರುವಾಯ್ತು ನೋಡಿ. ಬಂದವರ ಮುಂದೆ ಮಾನ ಕಳೀಬೇಕು ಅಂತಲೇ."

ಅವನು ಊರುಗೋಲಿನಲ್ಲಿ ಎರಡು ಬಿಟ್ಟ. ಡಾಕ್ಟರಮ್ಮ ನಕ್ಕಳು. "ಎರಡು ಸಂಸಾರ ಅಂತ ಹಾಕಿದ್ದು ಸುಳ್ಳಲ್ಲ."

"ಆಯ್ತು ಬಿಡಿ ಮೇಡಂ," ಅಂದ ದಲ್ಲಾಳಿ, "ಇನ್ಮೇಲೆ ಎರಡೂ ನಿಮ್ಮದೇ."

ಟೈಲರಮ್ಮ ನಗಲಿಲ್ಲ. ಊರುಗೋಲು ಬಿದ್ದ ಮೇಲೆ ಕೆಳಗಿನ ಸದ್ದು ನಿಲ್ಲಬೇಕು. ನಿಲ್ಲಲಿಲ್ಲ. ಒಂದಕ್ಕೆ ಇನ್ನೊಂದು ಅಂಟಿಕೊಂಡು, ಜಾಗ ಬದಲಿಸುತ್ತ, ಬಾಗಿಲು ಬಡಿಯುವ ಹಾಗೆ ಬರುತ್ತಿತ್ತು. ಅವಳು ಬಗ್ಗಿ ಚಾಪೆಯ ಅಂಚು ಎತ್ತಿದಳು. ನೆಲದ ಸೀಳಿನಿಂದ ಬೆಳಕು ಬಂತು. ಕೆಳಗಿನ ಮನೆಯ ಬೆಳಕು.

ಅವಳು ಕಿರುಚಲಿಲ್ಲ. "ಮೇಡಂ, ಕೆಳಗಿಳೀರಿ," ಅಂದಳು. "ಇಬ್ಬರೂ. ಈಗಲೇ ಇಳೀರಿ."

ಅವಳ ಮುಖ ನೋಡಿ ಆಯ್ತುಬಿಡಿ ಮೊದಲು ಓಡಿದ. ಹಿಂದೆ ಡಾಕ್ಟರಮ್ಮ. ಟೈಲರಮ್ಮ ಗಂಡನ ಕಂಕುಳಿಗೆ ಕೈ ಹಾಕಿ ಎಬ್ಬಿಸಿದಳು.

"ಏನಾಯ್ತೇ?"

"ನೆಲ ಹೋಗ್ತಿದೆ. ಕೆಳಗಿನ ಗೋಡೆ ತೆಗೆಸಿದ್ದಾರೆ."

"ಯಾವ ಗೋಡೆ?"

"ಅಡ್ಡಗೋಡೆ."

ಅವನು ಅವಳನ್ನು ನೋಡಿದ. "ನಿನಗೆ ಗೊತ್ತಿತ್ತಾ?"

ಅವಳು ಅವನನ್ನು ಗೋಡೆಗುಂಟ ಎಳೆದುಕೊಂಡು ಮೆಟ್ಟಿಲ ಬಾಗಿಲಿಗೆ ಬಂದಳು. ಮೆಟ್ಟಿಲಲ್ಲಿ ಡಾಕ್ಟರಮ್ಮ ಒಂದು ಕೈಯಲ್ಲಿ ಚಪ್ಪಲಿ ಹಿಡಿದು ಇಳಿಯುತ್ತಿದ್ದಳು.

"ಅವರು ಇಳೀಲಿ," ಅಂದ ಅವನು. "ನಾನು ಕೂತ್ರೆ ದಾರಿ ಕಟ್ಟುತ್ತೆ. ನೀನು ಮುಂದೆ ಹೋಗು."

ಯಾವಾಗಲೂ ಅವಳು ಮುಂದೆ ಹೋಗುವುದೇ. ಊರುಗೋಲು ತೆಗೆದುಕೊಂಡು ನಾಲ್ಕು ಮೆಟ್ಟಿಲು ಇಳಿದು ತಿರುಗಿದಳು. ಅವನು ಹೊಸ್ತಿಲ ಒಳಗೆ ಚೌಕಟ್ಟು ಹಿಡಿದು ಕೂರಲು ಮಂಡಿ ಬಗ್ಗಿಸುತ್ತಿದ್ದ. ಕೆಳಗೆ ಕುಟ್ಟುತ್ತಿದ್ದ ಸದ್ದು ನಿಂತಿತು. ಮರ ಸೀಳಿದ ಸದ್ದು ಬಂತು, ಬಟ್ಟೆ ಹರಿದಷ್ಟೇ ಚಿಕ್ಕದು. ಆಮೇಲೆ ಅವಳ ಮುಂದೆ ಚೌಕಟ್ಟು ಮಾತ್ರ ಇತ್ತು. ಚೌಕಟ್ಟಿನ ಆಚೆ ರೂಮು ಇರಲಿಲ್ಲ.

ಧೂಳು ಇಳಿಯಲು ಬಹಳ ಹೊತ್ತು ಹಿಡಿಯಿತು. ಅಗ್ನಿಶಾಮಕದವರು ಬಂದು ಬೀದಿಗೆ ಹಗ್ಗ ಕಟ್ಟಿದರು. ಅತ್ತಿಗೆ ಮತ್ತು ತಮ್ಮ ಒಂದೇ ಕಡೆ ಸಿಕ್ಕರು. ಅವನು ಮೇಲೆ, ಅವಳು ಕೆಳಗೆ, ನಡುವೆ ಒಂದು ತೊಲೆ.

ಅಣ್ಣ ಎದುರಿನ ಫುಟ್‌ಪಾತಿನಲ್ಲಿ ಕೂತಿದ್ದ. ಟೈಲರಮ್ಮ ಅವನಿಂದ ಸ್ವಲ್ಪ ದೂರ ನಿಂತಿದ್ದಳು. ಡಾಕ್ಟರಮ್ಮ ಗಂಡನ ಜೊತೆ ಕಾರಿನಲ್ಲಿ ಕೂತಿದ್ದಳು. ಆಯ್ತುಬಿಡಿ ಯಾವಾಗಲೋ ಜಾಗ ಖಾಲಿ ಮಾಡಿದ್ದ.

"ಒಳಗೆ ಯಾಕೆ ನಿಂತಿದ್ಲು?" ಅಂದ ಅಣ್ಣ. "ಬಾಗಿಲು ಅಲ್ಲೇ ಇತ್ತಲ್ಲ. ಒಳಗೆ ಏನು ಮಾಡ್ತಿದ್ಲು?"

"ಕುಟ್ತಿದ್ರು ಭಾವ. ನಮ್ಮನ್ನ ಕರೀತಿದ್ರು."

"ಬೀದೀಲಿ ನನಗೂ ಕೇಳಿಸ್ತು." ಅವನು ಅಂಗೈ ನೋಡಿಕೊಂಡ. ಜಾಕಿಯ ಗ್ರೀಸು ಇನ್ನೂ ಅಂಟಿತ್ತು. "ಡಾಕ್ಟರ ಗಂಡ ಏನದು ಅಂತ ಕೇಳಿದ. ಮನೆ ಹೆಂಗಸರ ಜಗಳ, ತಲೆ ಕೆಡಿಸ್ಕೋಬೇಡಿ ಅಂದೆ."

ಅವಳು ಚಾಪೆಯ ವಿಷಯ ಹೇಳಲಿಲ್ಲ. ಪೊಲೀಸಿನವನು ಒಬ್ಬ ಬಂದು, ಒಳಗೆ ಇನ್ನು ಯಾರಾದರೂ ಇದ್ದಾರಾ, ಏನೇನು ಹೋಯಿತು ಎಂದು ಕೇಳಿದ. ಟೈಲರಮ್ಮ ಹೇಳಿದಳು.

ಕೆಳಗಿನ ಮನೆಯಿಂದ ಒಬ್ಬರು. ಮೇಲಿನ ಮನೆಯಿಂದ ಒಬ್ಬರು. ಹೊಲಿಗೆ ಮಿಷನ್ನು ಒಂದು. ಅರ್ಧ ಹೊಲಿದ ಯೂನಿಫಾರ್ಮು ಒಂದು ಮೂಟೆ, ಕಟ್ಟು ಹಾಕಿಸಲು ಜನ ಕೊಟ್ಟುಹೋಗಿದ್ದ ಫೋಟೋಗಳು ಒಂದು ಕಪಾಟು. ರೂಮು ನಾಲ್ಕು.